ಇಲ್ಲಿ ನಡೆಯಲ್ಲ

ಇವರ ಎಡಗಾಲಿಗೆ ಈಗ
ಚಪ್ಪಲಿ ಕಳಚಿ ಬಿದ್ದರೂ ತಿಳಿಯದು.
ಬೆಳಗಿಂದ ಮೂರು ಸಲ ಹುಡುಕಿ ತಂದೆ,
ಒಮ್ಮೆ ಅಗ್ರಹಾರದ ಸರ್ಕಲ್ಲಿನ ನಡುವಿಂದ.

ಸರಸ್ವತಿಪುರಂ ನರದ ಡಾಕ್ಟರ ಕೌಂಟರಿನ ಹುಡುಗಿ
ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಇಎಸ್‌ಐ ಕಾರ್ಡು ನೋಡಿದಳು.
ನಾನು ಬಾಯಿಬಿಟ್ಟು ಹೇಳದ ಹೆಸರು
ಗಟ್ಟಿಯಾಗಿ ಓದಿದಳು: ಮರಿಜವರಯ್ಯ.
"ಇದು ಇಲ್ಲಿ ನಡೆಯಲ್ಲಮ್ಮ."

ಗೋಕುಲಂನಲ್ಲಿ ಹೋದ ವರ್ಷ ನಡೀತಿತ್ತಂತೆ.
ಜಯಲಕ್ಷ್ಮೀಪುರಂನಲ್ಲಿ ನಡೆಯುತ್ತೆ; ಡಾಕ್ಟರು ಬಿಟ್ಟು ಹೋಗಿದ್ದಾರೆ.
ಸಂಬಳದಲ್ಲಿ ಮುರಿದುಕೊಳ್ಳೋದು ಮಾತ್ರ
ಹನ್ನೊಂದು ವರ್ಷ ತಪ್ಪದೆ ನಡೆದಿದೆ.

ಕಟ್ಟೆ ಮೇಲೆ ಕೂತು ಇವರು ನಕ್ಕರು:
"ನನಗಿಂತ ಮೊದಲು ಕಾರ್ಡಿನ ಕಾಲೇ ಹೋಗಿದೆ ಕಣೆ,
ಅದನ್ನೇ ತೋರಿಸು ಡಾಕ್ಟರಿಗೆ."

ನಗು ಬರಲಿಲ್ಲ.
ರೆಫರಲ್ ಚೀಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು ಬಿಚ್ಚಿ
ಪಾದಕ್ಕೂ ಚಪ್ಪಲಿಗೂ ಸೇರಿಸಿ ಹಾಕಿದೆ.
"ಬಿಗಿಯಾಯ್ತಾ?" ಅಂತ ಕೇಳಿ
ನಾಲಿಗೆ ಕಚ್ಚಿಕೊಂಡೆ.