ಗರಗಸದ ಹಲ್ಲು

ಇಪ್ಪತ್ತಾರು ವರ್ಷ ಹಾಯೂಯಾದ ಏರುಗಳಲ್ಲಿ
ಕಂಡವರ ಮನೆಯ ಮೀಟರು ಓದಿದವನು ನಾನು.
ನಾಯಿಗಳಿಗೆ ನನ್ನ ಮೊಣಕಾಲು ಗೊತ್ತು,
ಮುದುಕಿಯರಿಗೆ ನನ್ನ ಬಾಯಾರಿಕೆ.
ಈಗ ಓದಲು ಉಳಿದದ್ದು ಒಂದೇ ಮನೆ,
ನನ್ನದು.

ಹೊಲಿಗೆ ಯಂತ್ರವಿದ್ದ ಮೂಲೆಗೆ
ಹದಿನಾರು ಕೋಶಗಳ ಕಪಾಟು ಬಂತು.
ಸದ್ದು ಮಾಡುತ್ತದಾ? ಕೇಳಿದಳು ನೀದಿಯಾ.
ಇಲ್ಲ.
ವಾಸನೆ?
ಅದೂ ಇಲ್ಲ.
ಹಾಗಾದರೆ ನಿನಗಿಂತ ವಾಸಿ, ಎಂದವಳೇ
ಟಾರ್ಚು ಹಿಡಿದು ನಿಂತಳು ಎರಡು ಮಧ್ಯಾಹ್ನ.

ತಾಮ್ರದ ಪಟ್ಟಿ ಉಜ್ಜಿ, ಬೆರಳಿನ ಉಂಗುರ ಕಳಚಿಟ್ಟು,
ಒಂದೊಂದು ತಿರುಪಿಗೂ ಅಳೆದು ಅಷ್ಟೇ ಬಿಗಿ:
ಸಡಿಲ ಬಿಟ್ಟರೆ ಕಾಯುತ್ತದೆ,
ಅತಿ ತಿರುಚಿದರೆ ಮುರಿಯುತ್ತದೆ.
(ಮದುವೆಯ ಮಾತಲ್ಲ ಇದು.)

ಅಂದಿನಿಂದ ಫೋನಿನೊಳಗೆ ಕಣ್ಣು.
ಹದಿನೈದು ಕೋಶಗಳು ಸರಿಸಮ ಸಾಲಲ್ಲಿ;
ಹನ್ನೊಂದನೆಯದು ಮಾತ್ರ
ಬೆಳಗಿನ ಪ್ರಾರ್ಥನೆಗೆ ತಡವಾಗಿ ಬರುವ ಹುಡುಗ,
ಕೂದಲೆಳೆ ಹಿಂದೆ.
ಮೆಲ್ಲಗೆ ತುಂಬಿಸಿ ನೋಡಿದೆ, ಬೈದು ನೋಡಿದೆ.

ಇನ್ನೊಂದು ದೋಷ ನನ್ನ ಕೈಯೊಳಗಿರಲಿಲ್ಲ:
ದಿನಾ ಎರಡು ಗಂಟೆಗೆ ಬಿಸಿಲಿನ ಗೆರೆಯಲ್ಲೊಂದು ಕಚ್ಚು.
ಬೆನಿಗ್ನೋನ ದೀವಿಹಲಸಿನ ನೆರಳು.
ಒಂದು ಕೊಂಬೆ, ಒಂದೇ ಕೊಂಬೆ ಕಡಿ ಮಾರಾಯ, ಅಂದೆ.
ಅಜ್ಜ ನೆಟ್ಟದ್ದು, ಅಂದ,
ನಿನ್ನ ಗಾಜು ಮೊನ್ನೆಯದು.
ಏಳು ತಿಂಗಳು ಬೇಲಿಯ ಆಚೆ ಮಾತಿಲ್ಲ ಈಚೆ ಮಾತಿಲ್ಲ.

ಸೆಪ್ಟೆಂಬರಿನ ಗಾಳಿಗೆ ಸೇತುವೆಯ ಬಳಿ
ಕಂಬಗಳು ಮಂಡಿಯೂರಿದವು.
ಊರು ಕತ್ತಲು. ನಮ್ಮಲ್ಲಿ ಫ್ರಿಜ್ಜು, ಒಂದು ಬಲ್ಬು,
ಮತ್ತು ಶೇಕಡಾ ಅರವತ್ತೆರಡು.

ಐದನೆಯ ರಾತ್ರಿ ಗೆರೆಯಲ್ಲಿ ಹಲ್ಲು ಕಂಡೆ.
ಫ್ರಿಜ್ಜಿನದು ಅಗಲ ಹಲ್ಲು, ನನಗೆ ಗುರುತಿದೆ.
ಇವು ಸಣ್ಣವು, ಒತ್ತೊತ್ತು:
ಆರು ನಿಮಿಷ ಮೇಲೆ, ಒಂಬತ್ತು ನಿಮಿಷ ಕೆಳಗೆ,
ಬೆಳಗಿನವರೆಗೆ.
ಅರವತ್ತು ವ್ಯಾಟು ಯಾರೋ ಕುಡಿಯುತ್ತಿದ್ದಾರೆ.

ಚಪ್ಪಲಿ ಬಿಟ್ಟು ಹೊರಟೆ. ಕಪ್ಪೆಗಳು
ಕೋಕೀ ಕೋಕೀ ಎಂದು ನನ್ನನ್ನು ಹಿಡಿದುಕೊಡುತ್ತಿದ್ದವು.
ಹಿತ್ತಲಿನ ಪ್ಲಗ್ಗಿನಿಂದ ಕಿತ್ತಳೆ ಬಣ್ಣದ ತಂತಿ
ದಾಸವಾಳದ ಬುಡದಲ್ಲಿ ನುಸುಳಿತ್ತು.
ಜೋಡಣೆಗೆ ಮಳೆ ತಾಗದಂತೆ ಬ್ರೆಡ್ಡಿನ ಚೀಲ;
ಅದಕ್ಕೆ ಬಿಗಿದ ಗಂಟು
ಮೂವತ್ತೊಂದು ವರ್ಷ ನನ್ನ ಊಟದ ಡಬ್ಬಿಗೆ ಬಿಗಿದ ಗಂಟು.

ಅಲ್ಲಿ ಕಿಟಕಿಯೊಳಗೆ ಬನಿಯನ್ನಿನ ಬೆನಿಗ್ನೊ.
ಬಿಳಿ ಥರ್ಮಕೋಲಿನ ಪೆಟ್ಟಿಗೆ,
ಪೆನ್ಸಿಲಿನಲ್ಲಿ ಗುಣಾಕಾರ ಬರೆದ ಮೊಟ್ಟೆಗಳು.
ಒಂದೊಂದನ್ನೇ ಮಗ್ಗುಲು ಬದಲಿಸುತ್ತಿದ್ದ,
ಜ್ವರದ ಮಗುವನ್ನು ಹೊರಳಿಸುವ ಹಾಗೆ.
ಏಳು ತಿಂಗಳ ಬೈಗುಳ ನಾಲಗೆಯ ತುದಿಯಲ್ಲಿತ್ತು.
ಅಲ್ಲೇ ಇರಲಿ ಎಂದು ಬಂದೆ.

ನಿದ್ದೆ ಬರಲಿಲ್ಲವಾ? ಬೆಳಿಗ್ಗೆ ನೀದಿಯಾ ಕೇಳಿದಳು.
ಹನ್ನೊಂದನೆಯ ಕೋಶ ನೋಡಲು ಎದ್ದಿದ್ದೆ, ಅಂದೆ.
ಅವಳು ಕಾಫಿ ಸೋಸಿದಳು. ನಾನು ಫ್ಯಾನು ಆರಿಸಿದೆ.
ಬರಿದಾಗದಿರಲಿ ಎಂದು ಮೀಸಲು
ಇಪ್ಪತ್ತರಿಂದ ಮೂವತ್ತಕ್ಕೆ ಏರಿಸಿದೆ.
ಯಾರಿಗೂ ಹೇಳಲಿಲ್ಲ.

ಕಾವು ಕೂರಲು ಕೋಳಿಯೇ ಬೇಕೆಂದಿಲ್ಲ.
ಹೊಲಿಗೆ ಯಂತ್ರದ ಮೂಲೆಯಲ್ಲೊಂದು ಕಪಾಟು
ಹಗಲಿನ ಬಿಸಿಲು ನುಂಗಿ
ರಾತ್ರಿಯಿಡೀ ಬೇಲಿಯಾಚೆ ಕೂತಿತ್ತು.
ಮುಗಿಲು ಮುಸುಕಿದ ದಿನ ನಾನೂ ಕಾದೆ,
ಮೂವತ್ತೆಂಟು, ಮೂವತ್ತಾರು, ಮೂವತ್ತೈದೂವರೆ,
ಹೆಬ್ಬೆರಳಿನಿಂದ ಆಕಾಶವನ್ನು ತಳ್ಳುತ್ತಾ.

ಹದಿನಾರನೆಯ ಮುಂಜಾವ ಹಲ್ಲುಗಳಿಲ್ಲ.
ನೆಟ್ಟಗೆ ಒಂದು ಗೆರೆ, ನಲವತ್ತು ವ್ಯಾಟು, ಬಲ್ಬಿನದು.
ಫೋನು ಕಿವಿಗೆ ಹಿಡಿದೆ, ಹುಚ್ಚನಂತೆ.
ಸದ್ದು ಬಂದದ್ದು ದಾಸವಾಳದ ಕಡೆಯಿಂದ.

ಕಂಬಗಳು ಎದ್ದು ನಿಂತಿವೆ ಈಗ.
ತಂತಿಯನ್ನು ಯಾರೂ ಸುತ್ತಿಟ್ಟಿಲ್ಲ.
ಮರವೂ ಅಲ್ಲೇ, ಎರಡು ಗಂಟೆಯ ಕಚ್ಚೂ ಅಲ್ಲೇ.
ನಿನ್ನೆ ಸಂಜೆ ಬೇಲಿಯಾಚೆ ಕೆಮ್ಮಿ ಬೆನಿಗ್ನೊ ಕೇಳಿದ:
ಹೇಗಿದೆಯಂತೆ, ನಿನ್ನ ಆ ಹನ್ನೊಂದನೆಯದು?

ಸುಧಾರಿಸಿದೆ, ಅಂದೆ.
ಸುಳ್ಳು.