ಗುಂಡಿ ಲೆಕ್ಕ

ಮೂವತ್ತೊಂದು ವರ್ಷ
ವೂಚ್ ನಗರದ ಗಿರಣಿಯಲ್ಲಿ
ದೀಪದ ಮೇಜಿನ ಮೇಲೆ ಹರಿದು ಬರುವ ಬಟ್ಟೆಯ
ತಪ್ಪು ಹುಡುಕಿ ಹೊಟ್ಟೆ ಹೊರೆದವಳು ನಾನು, ಗೆನೊವೆಫಾ.
ಎಳೆ ತಪ್ಪಿದಲ್ಲಿ ಸೀಮೆಸುಣ್ಣದ ಗೀಟು,
ಗಂಟಿದ್ದಲ್ಲಿ ಚುಕ್ಕೆ,
ಎಣ್ಣೆಕಲೆಗೆ ಸೊನ್ನೆ.
ನೂರು ಮೀಟರಿಗೆ ಹತ್ತು ದಾಟಿತೋ
ಥಾನು ಹಿಂದಕ್ಕೆ, ನೇಯ್ದವಳಿಗೆ ಬೈಗುಳ.

ಗಿರಣಿ ಈಗ ದೊಡ್ಡ ಮಾಲು.
ಹಿಂದಿನ ಪಾರ್ಕು ಮಾತ್ರ ಪಾರ್ಕಾಗಿಯೇ ಉಳಿದಿದೆ:
ನಾಲ್ಕು ಲಿಂಡನ್ ಮರ, ಹನ್ನೊಂದು ಚೆಸ್ಟ್‌ನಟ್,
ಕೆರೆ ಎಂದು ಕರೆಸಿಕೊಳ್ಳುವ ಒಂದು ಹೊಂಡ,
ಹುಲ್ಲಿನಲ್ಲಿ ಹಾಸುಹೊಕ್ಕಾಗಿ ಕಸ.

ನಗರಸಭೆಗೆ ಬರೆದೆ. ಕರೆದರು.
ವಿಯೆಜ್‌ಬಿತ್ಸ್ಕಿ ಎಂಬ ಟೈ ಕಟ್ಟಿದ ಹುಡುಗ
ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ:
ಹಾರುವ ಕ್ಯಾಮರಾ, ಕಂಬಕ್ಕೊಂದು ಕಣ್ಣು,
ತುಂಬಿದಾಗ ತಾನೇ ಸುದ್ದಿ ಕಳಿಸುವ ಡಬ್ಬಿ.
ಬೆಲೆ ಓದುವಾಗ ದನಿ ತಾನಾಗಿ ತಗ್ಗಿತು.
"ಮುಂದಿನ ವರ್ಷ ನೋಡೋಣಮ್ಮ.
ಅಂಕಿ ಅಂಶ ಇಲ್ಲದೆ ಮೇಲಿನವರು ಕಿವಿಗೆ ಹಾಕಿಕೊಳ್ಳೋದಿಲ್ಲ."

ಅಂಕಿ ತಾನೆ?

ಬಟ್ಟೆ ಒಣಹಾಕುವ ಹಗ್ಗ, ಹತ್ತು ಮೀಟರು,
ಮೀಟರಿಗೊಂದು ಗಂಟು.
ನೆಲಕ್ಕೆ ಊರಲು ಮುರಿದ ಛತ್ರಿಯ ಎರಡು ಕಡ್ಡಿ.
ಬಿಸ್ಕತ್ತಿನ ಡಬ್ಬಿಯಿಂದ ಒಂದು ಚೀಲ ಹಳೆ ಗುಂಡಿ.
ಸೌತೆ ಉಪ್ಪಿನಕಾಯಿ ಮುಗಿದ ಐದು ಗಾಜಿನ ಭರಣಿ.
ಒಟ್ಟು ಖರ್ಚು,
ಪಕ್ಕದ ಮನೆಯ ತಿಮೆಕ್‌ಗೆ ವಾರಕ್ಕೊಂದು
ಗುಲಾಬಿ ಜಾಮಿನ ಪೊಂಚೆಕ್.

ಬಿಳಿ ಗುಂಡಿ ಸಿಗರೇಟಿನ ತುಂಡಿಗೆ,
ಕಪ್ಪು, ಬಿಯರಿನ ಮುಚ್ಚಳಕ್ಕೆ,
ಹಿತ್ತಾಳೆಯದು ಕೋತಿಮರಿಗೆ.
(ಅಂಗೈಯಲ್ಲಿ ಅಡಗುವ ವೋದ್ಕಾ ಸೀಸೆಗೆ
ನಮ್ಮವರಿಟ್ಟ ಮುದ್ದಿನ ಹೆಸರು.)
ಸೂರ್ಯಕಾಂತಿ ಸಿಪ್ಪೆಯೂ ಕಸವೇ?
ತಿಮೆಕ್‌ಗೂ ನನಗೂ ಅರ್ಧ ದಿನ ಜಗಳ.
ಕಡೆಗೆ ಗುಬ್ಬಿಗಳ ತೀರ್ಮಾನಕ್ಕೆ ಬಿಟ್ಟೆವು.

ಪ್ರತಿ ಗುರುವಾರ, ಅದೇ ಐದು ಜಾಗ, ಅದೇ ಹೊತ್ತು.
ನಾಯಿ ಅಡ್ಡಾಡಿಸುವವರು ನಕ್ಕರು:
ಮುದುಕಿ ಕಡ್ಡಿಯನ್ನು ಗುಡ್ಡ ಮಾಡುತ್ತಾಳೆ.
ಹಿಮ ಬಿದ್ದ ದಿನ ತಿಮೆಕ್ ಸೊನ್ನೆ ಬರೆಯಹೋದ,
ಕೈ ಹಿಡಿದೆ:
'ಕಾಣಲಿಲ್ಲ' ಅಂತ ಬರಿ ಮಗೂ,
ಎರಡಕ್ಕೂ ಅಜಗಜಾಂತರ.

ಯಾರೆಂದು ನನಗೆ ಮೊದಲೇ ಗೊತ್ತಿತ್ತು.
ಮೂರನೆಯ ಬೆಂಚಿನ ಹುಡುಗರು,
ತಲೆಗೆ ಟೊಪ್ಪಿಗೆ ಎಳೆದು ಕಾಲು ಕುಣಿಸುವವರು.
ವರ್ಷಗಳಿಂದ ಅವರನ್ನು ಕಣ್ಣಲ್ಲೇ ಸುಟ್ಟಿದ್ದೆ.
ಮಾರ್ಚಿಯಲ್ಲಿ ಭರಣಿಗಳನ್ನು
ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರೆ
ಬೆಂಚಿನ ಭರಣಿಯಲ್ಲಿ ತಳ ಮುಚ್ಚುವಷ್ಟೇ.
ಕಂಠಮಟ್ಟ ತುಂಬಿದ್ದು
ಕಸದ ಡಬ್ಬಿಯ ಪಕ್ಕದ್ದು!

ಮರುದಿನ ನಸುಕಿಗೇ ಹೋಗಿ ಮರದ ಮರೆಗೆ ನಿಂತೆ.
ಕಾಗೆಗಳು.
ಡಬ್ಬಿಯ ಅಂಚಿನಲ್ಲಿ ಕೂತು
ಒಂದೊಂದನ್ನೇ ಕೊಕ್ಕಿನಲ್ಲಿ ಎತ್ತಿ,
ಬೆಳಕಿಗೆ ಹಿಡಿದು, ಕತ್ತು ಓರೆಮಾಡಿ,
ಥೇಟ್ ನಾನು ಗಿರಣಿಯಲ್ಲಿ ಮಾಡುತ್ತಿದ್ದಂತೆ
ಪರೀಕ್ಷಿಸಿ
ಒಪ್ಪಿಗೆಯಾಗದ್ದನ್ನು ಕೆಳಗೆ ಎಸೆಯುತ್ತಿದ್ದವು.

ವಿಯೆಜ್‌ಬಿತ್ಸ್ಕಿಯ ಮೇಜಿನ ಮೇಲೆ ಐದೂ ಭರಣಿ ಇಟ್ಟೆ.
ಮಾತಾಡಲಿಲ್ಲ.
ಅವನು ಎರಡನ್ನು ಎತ್ತಿ ಕೈಯಲ್ಲೇ ತೂಗಿದ.
ಡಬ್ಬಿಗಳಿಗೆ ಮುಚ್ಚಳ ಬಂತು.
ಎಲ್ಲಕ್ಕೂ ಎಲ್ಲಿ, ಎರಡಕ್ಕೆ.

ಬೆಂಚಿನ ಹುಡುಗರಿಗೆ ಏನು ಹೇಳಬೇಕು ತಿಳಿಯಲಿಲ್ಲ.
ಒಂದು ಗುರುವಾರ, ಅವರಲ್ಲಿ ಉದ್ದನೆಯವನಿಗೆ
ಈ ತುದಿ ಹಿಡಿ ಎಂದೆ.
ಹಿಡಿದ.

ಈ ವಾರ ನಾಲ್ಕನೆಯ ಗಂಟಿನ ಬಳಿ
ಹುಲ್ಲಿನಲ್ಲಿ ಒಂದು ಬಿಳಿ ಗುಂಡಿ.
ತಿಮೆಕ್ ನನ್ನ ಮುಖ ನೋಡಿದ.
ನನ್ನ ಚೀಲಕ್ಕೆ ತೂತು ಬಿದ್ದಿತ್ತು.
ಬರೆದುಕೋ, ಎಂದೆ:
ಗುಂಡಿ, ಒಂದು.
ಬಿಸಾಡಿದವರು, ಗೆನೊವೆಫಾ.
ಬರೆದ. ಆಮೇಲೆ ಪೆನ್ಸಿಲು ಕಚ್ಚಿಕೊಂಡು ಕೇಳಿದ:
ಇದಕ್ಕೆ ಯಾವ ಬಣ್ಣದ್ದು ಹಾಕಲಿ?