ದಿನಕ್ಕೆ ಕಾಲು ಸುತ್ತು

ಬಾಯಿ ತೆರಿ, ಅಂದೆ. ತೆರೆದಳು ಹೊನ್ನೂರಮ್ಮ.
ಮೊಬೈಲಿನ ಬೆಳಕು ಹಿಡಿದವಳು ಅವಳವ್ವ,
ಕೈ ನಡುಗಿದಾಗ ಬೆಳಕೂ ನಡುಗಿ
ಅಂಗುಳದ ನಡುವೆ ಕೂತ ಸ್ಕ್ರೂ
ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ.

ಕೀಲಿ ಅಂದರೆ ಬೀಗದ್ದಲ್ಲ. ಬಗ್ಗಿದ ತಂತಿ,
ಮುರಿದ ಸೂಜಿಯಷ್ಟುದ್ದ.
ನುಂಗಿಬಿಟ್ಟಾಳೆಂದು ಅದರ ಬಾಲಕ್ಕೆ
ಜೀನ್ಸಿನ ಹಳದಿ ದಾರ ಕಟ್ಟಿ
ನನ್ನ ಬೆರಳಿಗೆ ಸುತ್ತಿಕೊಂಡಿದ್ದೇನೆ.
ಮುಂದಿನಿಂದ ಗಂಟಲ ಕಡೆಗೆ ಕಾಲು ಸುತ್ತು. ಸಾಕು.

ಕೌಲ್ ಬಜಾರಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ
ಎರಡು ಸೂಜಿಯ ಮಷೀನು ತುಳಿದ ಕಾಲು ನನ್ನದು.
ಇಷ್ಟು ಸಣ್ಣ ಕಾಲು
ಕೈಗೆ ಕಲಿಸಬೇಕಾಯಿತು.

ಡಾಕ್ಟರಮ್ಮ ಹೇಳಿದ್ದು: ಮೇಲ್ದವಡೆ ಒಂದೇ ಎಲುಬಲ್ಲ,
ಎರಡು ತುಂಡು, ನಡುವೆ ಹೊಲಿಗೆ.
ಒಂಬತ್ತರ ವಯಸ್ಸಿಗೆ ಇನ್ನೂ ಸಡಿಲು,
ದೊಡ್ಡವಳಾದರೆ ಬಿಚ್ಚುವುದಿಲ್ಲ.
ಹೊಲಿಗೆ ಅಂದಳಲ್ಲ, ಆಗ ಧೈರ್ಯ ಬಂತು.
ಬಿಚ್ಚುವುದು ನನಗೆ ಗೊತ್ತು.
ಸೊಂಟ ಬಿಗಿಯಾದ ಪ್ಯಾಂಟು ಬಿಚ್ಚಿದರೆ
ಒಳಗೆ ಮಡಿಚಿದ್ದ ಬಟ್ಟೆ ಇನ್ನೂ ಕಡುನೀಲಿ,
ಬಿಸಿಲು, ನೀರು ಏನೂ ಕಾಣದ ಒಂದು ಗೆರೆ.

ಹತ್ತನೇ ದಿನ ಮುಂದಿನ ಎರಡು ಹಲ್ಲಿನ ನಡುವೆ
ಸಂದು ಬಿತ್ತು, ಅಕ್ಕಿಕಾಳು ತೂರುವಷ್ಟು.
ಚಂದಿದ್ದ ಹಲ್ಲು ಕೆಡಿಸಿದಿ, ಅಂತ ಅವ್ವ ಅತ್ತಳು.
ಡಾಕ್ಟರಮ್ಮ ಫೋಟೊ ನೋಡಿ, ಬಿಡ್ತಾ? ಭಾಳ ಚಲೋ ಆತು!
ಬಿರುಕಿಗೆ ಇಷ್ಟು ಹಿಗ್ಗಿದವರನ್ನು
ನಾನಂತೂ ಕಂಡಿರಲಿಲ್ಲ.

ನಾಲಿಗೆಗೆ ಈಗ ಮೇಲೆ ಮುಟ್ಟಲು ಜಾಗವಿಲ್ಲ.
ಒಗ್ಗರಣೆ ಮಂಡಕ್ಕಿ ಅಲ್ಲೇ ಸಿಕ್ಕಿಕೊಳ್ಳುತ್ತದೆ,
ಳಕಾರವೂ.
ಬೆಳೆ ಬೆಲೆಯಾಯಿತು. ಹುಲಿಗೆ ಉಪ್ಪು ಕಮ್ಮಿಯಾಯಿತು,
ಅವಳವ್ವ ಅಳು ಬಿಟ್ಟು ನಕ್ಕಳು.
ಊರು ಬಲ್ಲಾರಿ.
ಅಂಗುಳ ನೋಯ್ತೈತಿ ಅನ್ನಲು ಹೋಗಿ ಅಂಗುಲ ಅಂದಳು,
ಕೊರಳಿನ ಟೇಪು ಮುಟ್ಟಿಕೊಂಡೆ.
ಶಾಲೆಗೆ ಹೊಸ ಟೀಚರು ಬಂದು ಅಪ್ಪನ ಹೆಸರು ಕೇಳಿದರಂತೆ,
ಕೇಳಿಸಿದಂತೆಯೇ ಬರೆದುಕೊಂಡರಂತೆ.
ಇರಲಿ. ಆರು ತಿಂಗಳು ನಾನು ಗಾಲೆಪ್ಪ.

ಇಪ್ಪತ್ತೆಂಟಕ್ಕೆ ತಿರುಗಿಸುವುದು ಮುಗಿಯಿತು.
ಇನ್ನು ಮುಟ್ಟಬೇಡಿ, ಹಾಗೇ ಇರಲಿ,
ಸಂದಿನಲ್ಲಿ ಎಲುಬು ತಾನೇ ಹೆಣೆದುಕೊಳ್ಳುತ್ತೆ, ಅಂದರು.
ಎಂಟು ಹೊಡೆದರೆ ಬೆರಳು ಸುಮ್ಮನೆ
ಹಳದಿ ದಾರ ಹುಡುಕುತ್ತದೆ.

ನಿನ್ನೆ ರಾತ್ರಿ ಎರಡಕ್ಕೆ ಕರೆಂಟು ಹೋಗಿ ಫ್ಯಾನು ನಿಂತು
ಎಚ್ಚರವಾಯಿತು. ಗೊರಕೆ ಇಲ್ಲ.
ಹುಟ್ಟಿದಾಗಿನಿಂದ ಬಾಯಿ ತೆರೆದೇ ಮಲಗಿದ ಕೂಸು!
ತಡಕಾಡುತ್ತ ಹೋಗಿ ಮೂಗಿನ ಕೆಳಗೆ ಬೆರಳಿಟ್ಟೆ.
ಬೆಚ್ಚಗೆ ಬಂತು. ಹೋಯಿತು. ಬಂತು.
ತುಟಿ ಮುಚ್ಚಿತ್ತು.

ನನ್ನ ಕೈ ಗುರುತು ಹಿಡಿದು, ಕಣ್ಣು ಬಿಡದೇ,
ಇವತ್ತಿಂದು ಆತಲ್ಲಪ್ಪಾ,
ಇನ್ನ ನಾಲೆ, ಅಂದಳು.